ಹೊಲದ ಗೊಬ್ಬರ ಕೆರೆಗೆ ಇಳಿದರೆ...

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಬಸ್ಸಿನಲ್ಲಿ ಹೋಗಿದ್ದರೆ ನೀವು ಕೆರೂರನ್ನು ದಾಟಿಯೇ ಹೋಗಿರುತ್ತೀರಿ. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಆದ ಮೇಲೆ ಸಿಗುವ ಬಾದಾಮಿ ತಾಲ್ಲೂಕಿನ ಊರು ಅದು. ಹೆಸರಿನಲ್ಲೇ ಕೆರೆಯ ಸದ್ದಿರುವ ಊರು. ಆದರೆ ಮಳೆ ಕಡಿಮೆ. ಬಾಗಲಕೋಟೆ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಹಾಗಾಗಿ ಅಲ್ಲಿ ನಿಂತ ನೀರಿಗೆ ಬೆಲೆ ಹೆಚ್ಚು.

ಕೆರೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಖಾಲಾ ಇದ್ದಾರೆ. ಹೊಲದಲ್ಲೇ ಮನೆ. ಗೋವಿನಜೋಳ, ಉಳ್ಳಾಗಡ್ಡಿ, ಒಂದಿಷ್ಟು ಆಡು, ಎರಡು ಎಮ್ಮೆ. ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡ. ಒಮ್ಮೆ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಗಿದ್ದೆ. ಹದಿನೈದು ದಿನಗಳ ಹಿಂದೆ ಭಾರೀ ಮಳೆಯಾಗಿ ಹೊಂಡ ತುಂಬಿತ್ತು. ನಂತರ ಒಳ್ಳೆಯ ಬಿಸಿಲು ಬಿದ್ದಿತ್ತು. ಬೆಳಿಗ್ಗೆ ಎದ್ದು ನೋಡುತ್ತೇನೆ, ಹೊಂಡದ ನೀರಿನ ಮೇಲೆ ಯಾರೋ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದೆ! ಗಾಳಿ ಬೀಸಿದ ಕಡೆಯ ದಂಡೆಯಲ್ಲಿ ಅದು ದಪ್ಪಗೆ ಶೇಖರವಾಗಿತ್ತು. ಹತ್ತಿರ ಹೋದರೆ ಕೊಳೆತ ಹುಲ್ಲಿನ ವಾಸನೆ.

ಖಾಲಾ ಒಂದು ಕೊಡ ನೀರನ್ನು ಬಟ್ಟೆಯಲ್ಲಿ ಸೋಸಿ ಒಲೆಯ ಮೇಲೆ ಇಡುತ್ತಿದ್ದರು. ಮನೆಮಾತು ಉರ್ದುವಾದರೂ ಹೊಲ, ನೀರು, ದನಕರುಗಳ ಮಾತು ಬಂದರೆ ಅವರ ಬಾಯಲ್ಲಿ ಕನ್ನಡವೇ ಬರುತ್ತದೆ. "ಬೋರಿನಾಗ ನೀರು ಕಡಿಮಿ ಆಗೈತಿ ಬೇಟಿ. ಇದನ್ನ ಚಲೋತ್ನಂಗ ಕುದಿಸಿದ್ರ ಆತು, ಏನೂ ಆಗಂಗಿಲ್ಲ" ಎಂದರು.

ಸಹೋದರಿಯರೇ, ನಾವೆಲ್ಲರೂ ನಂಬಿರುವ ಮಾತು ಇದು. ಕುದಿಸಿದ ನೀರು ಶುದ್ಧ ನೀರು. ರೋಗಾಣುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಈ ಹಸಿರು ಕೆನೆಯ ವಿಷಯದಲ್ಲಿ ಅದು ನಿಜವಲ್ಲ. ಇಂದು ನಿಮ್ಮೊಡನೆ ಹೇಳಬೇಕಾದ ವಿಷಯ ಅಲ್ಲಿಂದಲೇ ಆರಂಭವಾಗುತ್ತದೆ.

ಕುದಿಸಿದರೂ ಹೋಗದ ವಿಷ

ಕೆರೆ, ಹೊಂಡಗಳಲ್ಲಿ ಹೀಗೆ ಒಮ್ಮೆಲೇ ಉಕ್ಕುವ ಪಾಚಿಗಳಲ್ಲಿ ನೀಲಿ-ಹಸಿರು ಪಾಚಿ ಎಂಬ ಒಂದು ಬಗೆ ಇದೆ. ನಿಜವಾಗಿ ಅದು ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಒಂದು ಜಾತಿಯ ಬ್ಯಾಕ್ಟೀರಿಯಾ. ಇದರ ಕೆಲವು ಬಗೆಗಳು ಯಕೃತ್ತಿಗೆ, ಇನ್ನು ಕೆಲವು ನರಮಂಡಲಕ್ಕೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತವೆ. ಇಂತಹ ನೀರು ಕುಡಿದು ದನಕರುಗಳು ಸತ್ತ ಘಟನೆಗಳು ಜಗತ್ತಿನ ಅನೇಕ ಕಡೆ ನಡೆದಿವೆ. ಕುದಿಸಿದಾಗ ಪಾಚಿಯ ಜೀವಕೋಶ ಒಡೆದು ಒಳಗಿನ ವಿಷ ನೀರಿಗೆ ಬಿಡುಗಡೆಯಾಗುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ವಿಷದ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅದು ಹೋಗುವುದಿಲ್ಲ. ಫಿಟ್ಕರಿ ತಿರುಗಿಸಿದರೆ ಕೆಸರು ಕೆಳಗೆ ಕೂರುತ್ತದೆ, ಕರಗಿದ ವಿಷ ಕೂರುವುದಿಲ್ಲ.

ಎಲ್ಲ ಹಸಿರು ನೀರೂ ವಿಷವೆಂದಲ್ಲ. ಆದರೆ ಯಾವುದು ವಿಷ, ಯಾವುದು ಅಲ್ಲ ಎಂದು ಕಣ್ಣಿನಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ನೀರಿನ ಮೇಲೆ ಬಣ್ಣ ಚೆಲ್ಲಿದಂತಹ ಕೆನೆ ಕಂಡರೆ ಕುಡಿಯಲು, ಅಡುಗೆಗೆ, ಮಕ್ಕಳ ಸ್ನಾನಕ್ಕೆ ಆ ನೀರು ಬೇಡ. ಆಡು, ಎಮ್ಮೆಗಳನ್ನೂ ಅದರ ಬಳಿಗೆ ಬಿಡಬೇಡಿ.

ಇದು ಭಯ ಹುಟ್ಟಿಸುವ ಮಾತಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ಎಂಬ ನಗರದಲ್ಲಿ ಹೀಗೇ ಆಯಿತು. ಆ ನಗರಕ್ಕೆ ನೀರು ಬರುವುದು ಈರಿ ಎಂಬ ಸಮುದ್ರದಂತಹ ಸರೋವರದಿಂದ. ಸರೋವರದಲ್ಲಿ ಪಾಚಿ ಉಕ್ಕಿ ಅದರ ವಿಷ ನಲ್ಲಿ ನೀರಿನಲ್ಲಿ ಕಾಣಿಸಿಕೊಂಡಿತು. ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ, ಕುದಿಸಿದರೆ ವಿಷ ಹೆಚ್ಚುತ್ತದೆ ಎಂದು ಆಡಳಿತ ಸಾರಬೇಕಾಯಿತು. ಸುಮಾರು ನಾಲ್ಕೈದು ಲಕ್ಷ ಜನ ಎರಡು-ಮೂರು ದಿನ ಬಾಟಲಿ ನೀರಿಗಾಗಿ ಸಾಲು ನಿಂತರು. ಅಷ್ಟು ಸಿರಿವಂತ ದೇಶದಲ್ಲಿ! ಕಾರಣ ಹುಡುಕಿದಾಗ ಬೆರಳು ಮುಖ್ಯವಾಗಿ ಮೌಮೀ ಎಂಬ ನದಿಯತ್ತ ಹೋಯಿತು. ಆ ನದಿ ಹರಿದು ಬರುವುದು ಗೋವಿನಜೋಳ ಮತ್ತು ಸೋಯಾ ಅವರೆಯ ಹೊಲಗಳ ನಡುವಿನಿಂದ. ಆ ಹೊಲಗಳಿಂದ ಮಳೆನೀರಿನೊಡನೆ ಇಳಿದು ಬರುತ್ತಿದ್ದುದು ರಂಜಕ.

ಒಂದು ಚೀಲದ ಲೆಕ್ಕ

ರಂಜಕ ಎಂದರೆ ಯಾವುದೋ ರಾಸಾಯನಿಕ ಎಂದು ಪುಟ ಮಗುಚಬೇಡಿ. ನಮ್ಮ ಎಲುಬು, ಹಲ್ಲುಗಳಲ್ಲಿ ಇರುವುದು ಸುಣ್ಣ ಮತ್ತು ರಂಜಕ. ನಾವು ತಿನ್ನುವ ಪ್ರತಿಯೊಂದು ಕಾಳಿನಲ್ಲಿ ಅದಿದೆ. ಅದಿಲ್ಲದೆ ಬೇರು ಇಳಿಯುವುದಿಲ್ಲ, ತೆನೆ ತುಂಬುವುದಿಲ್ಲ. ಅದಕ್ಕೇ ರೈತರು ಬಿತ್ತುವಾಗ ಡಿಎಪಿ ಹಾಕುತ್ತಾರೆ. ಡಿಎಪಿ ಚೀಲದ ಮೇಲೆ 18-46-0 ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಆ 46 ರಂಜಕದ ಆಕ್ಸೈಡಿನ ಲೆಕ್ಕ. ಶುದ್ಧ ರಂಜಕ ಎಂದು ಲೆಕ್ಕ ಹಾಕಿದರೆ 50 ಕಿಲೋ ಚೀಲದಲ್ಲಿ ಸುಮಾರು 10 ಕಿಲೋ ಇರುತ್ತದೆ.

ಈಗ ಕೆರೆಯ ಲೆಕ್ಕ ನೋಡಿ. ಒಂದು ಲೀಟರ್ ನೀರಿನಲ್ಲಿ 0.03 ಮಿಲಿಗ್ರಾಂ ರಂಜಕವಿದ್ದರೆ ಸಾಕು, ಕೆರೆಯಲ್ಲಿ ಪಾಚಿ ಉಕ್ಕಲು ಸಿದ್ಧತೆ ಆದಂತೆಯೇ. ಹತ್ತು ಎಕರೆ ಅಗಲದ ಕೆರೆಯಲ್ಲಿ ಮೂರು ಅಡಿ ನೀರು ನಿಂತಿದೆ ಎಂದಿಟ್ಟುಕೊಳ್ಳಿ. ಅದು ಸುಮಾರು ಮೂರೂವರೆ ಕೋಟಿ ಲೀಟರಿಗಿಂತ ತುಸು ಹೆಚ್ಚು ನೀರು. ಅಷ್ಟು ನೀರನ್ನು ಆ ಮಟ್ಟಕ್ಕೆ ತರಲು ಬೇಕಾದ ರಂಜಕ ಬರೀ ಒಂದು ಕಿಲೋ ಚಿಲ್ಲರೆ. ಅಂದರೆ ಒಂದು ಚೀಲ ಡಿಎಪಿಯ ಹತ್ತನೇ ಒಂದು ಭಾಗ! ಸುತ್ತಲಿನ ಹೊಲಗಳಿಗೆ ವರ್ಷಕ್ಕೆ ಎಷ್ಟು ಚೀಲ ಬೀಳುತ್ತದೆ ಎಂದು ನೀವೇ ಯೋಚಿಸಿ.

ಹೊಲಕ್ಕೆ ಅಮೃತವಾದದ್ದು ಕೆರೆಗೆ ಯಾಕೆ ವಿಷವಾಗುತ್ತದೆ? ಕೆನಡಾ ದೇಶದ ವಿಜ್ಞಾನಿಗಳು 1973ರಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಕಾಡಿನ ನಡುವಿನ ಒಂದು ಸರೋವರವನ್ನು ಮಧ್ಯದಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಭಾಗ ಹಸಿರು ಗಂಜಿಯಂತಾಯಿತು. ಪರದೆಯ ಆಚೆಯ ಭಾಗ ಮೊದಲಿನಂತೆಯೇ ತಿಳಿಯಾಗಿತ್ತು. ವಿಮಾನದಿಂದ ತೆಗೆದ ಆ ಒಂದು ಫೋಟೋ ಅನೇಕ ದೇಶಗಳಲ್ಲಿ ಬಟ್ಟೆ ಸೋಪಿನ ಪುಡಿಯ ಬಗ್ಗೆ ಕಾನೂನು ಬರಲು ನೆರವಾಯಿತು.

ಪಾಚಿ ಉಕ್ಕುವುದು ಮೊದಲ ಹಂತ. ನಂತರ ಅದು ಸಾಯುತ್ತದೆ, ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರುತ್ತದೆ. ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಆಮ್ಲಜನಕ ಇಲ್ಲದಾಗ ತಳದ ಹೂಳಿನಲ್ಲಿ ಅಂಟಿಕೊಂಡಿದ್ದ ಹಳೆಯ ರಂಜಕ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ, ಮತ್ತೆ ಪಾಚಿಯಾಗುತ್ತದೆ. ಒಮ್ಮೆ ಹೀಗೆ ಕೆಟ್ಟ ಕೆರೆ, ಹೊಸ ರಂಜಕ ಬರದಿದ್ದರೂ ವರ್ಷಗಟ್ಟಲೆ ಹಸಿರಾಗಿಯೇ ಉಳಿಯುವುದು ಇದಕ್ಕೇ.

ಬೆಂಗಳೂರಿನ ಎರಡು ಕೆರೆಗಳು

ನಮ್ಮ ರಾಜ್ಯದಲ್ಲಿ ಇದರ ಕೆಟ್ಟ ಉದಾಹರಣೆಯನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ ನೊರೆ ಎದ್ದು ರಸ್ತೆಗೆ ಹಾರುತ್ತಿತ್ತು. 2015ರಲ್ಲಿ, 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿಯೇ ಹತ್ತಿತು. ಅಲ್ಲಿಗೆ ಬರುತ್ತಿದ್ದುದು ಹೊಲದ ನೀರಲ್ಲ, ನಗರದ ಚರಂಡಿ ನೀರು. ಆದರೆ ಅದರೊಳಗಿನ ಅಪರಾಧಿಗಳಲ್ಲಿ ಒಂದು ಅದೇ ರಂಜಕ. ಮಲಮೂತ್ರದಿಂದ, ಬಟ್ಟೆ ಮತ್ತು ಪಾತ್ರೆ ತೊಳೆಯುವ ಪುಡಿಯಿಂದ ಬಂದದ್ದು. ಅದನ್ನು ಉಂಡು ಅಂತರಗಂಗೆ ಕೆರೆಯನ್ನೇ ಮುಚ್ಚಿತು.

ಅದೇ ಬೆಂಗಳೂರಿನ ಉತ್ತರದಲ್ಲಿ ಜಕ್ಕೂರು ಕೆರೆ ಇದೆ. ಸುಮಾರು 50 ಹೆಕ್ಟೇರ್ ಅಗಲದ ಕೆರೆ. ಅದಕ್ಕೂ ಬರುವುದು ಚರಂಡಿ ನೀರೇ. ಆದರೆ ನೇರವಾಗಿ ಅಲ್ಲ. ಆರಂಭದಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಶುದ್ಧೀಕರಿಸುವ ಸಾಮರ್ಥ್ಯದ ಘಟಕವೊಂದು ಅಲ್ಲಿ ಕೆಲಸ ಮಾಡಿತು. ಅದರಿಂದ ಹೊರಬಂದ ನೀರು ಕೆರೆಗೆ ಬೀಳುವ ಮೊದಲು ಜೊಂಡು ಹುಲ್ಲು ಬೆಳೆದ ಒಂದು ಜೌಗಿನ ಮೂಲಕ ನಿಧಾನವಾಗಿ ಹಾದು ಹೋಗುವಂತೆ ಮಾಡಲಾಯಿತು. ಘಟಕದಲ್ಲಿ ಹೋಗದೆ ಉಳಿದ ರಂಜಕ, ಸಾರಜನಕಗಳಲ್ಲಿ ಒಂದು ಪಾಲನ್ನು ಆ ಜೊಂಡು, ಅದರ ಬೇರು, ಅದರಡಿಯ ಕೆಸರು ಹಿಡಿದುಕೊಂಡವು. ಹಕ್ಕಿಗಳು ಬಂದವು, ಮೀನುಗಾರರಿಗೆ ಕೆಲಸ ಸಿಕ್ಕಿತು. ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ, ಅದು ಅಲ್ಲೇ ಕೊಳೆತು ಹಿಡಿದದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ.

ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ. ಸಾರಜನಕ ಕೊನೆಗೆ ಗಾಳಿಗೆ ಹಾರಿಹೋಗಬಲ್ಲದು. ರಂಜಕ ಹಾರುವುದಿಲ್ಲ. ಅದು ಹೊಲದಲ್ಲಿ ಇರಬೇಕು, ಇಲ್ಲವೇ ಕೆರೆಯಲ್ಲಿ. ಆದ್ದರಿಂದ ಅದನ್ನು ದಾರಿಯಲ್ಲೇ ತಡೆಯಬೇಕು, ತಡೆದದ್ದನ್ನು ಎತ್ತಿ ವಾಪಸ್ ಹೊಲಕ್ಕೆ ಒಯ್ಯಬೇಕು. ಎರಡರಲ್ಲಿ ಒಂದನ್ನು ಮರೆತರೂ ಕೆಲಸ ಕೆಟ್ಟಂತೆಯೇ.

ದಾರಿಯಲ್ಲೇ ತಡೆಯುವುದು ಹೇಗೆ?

ಮೊದಲ ತಡೆ ಇರುವುದು ಕೈಯಲ್ಲಿ, ಅಂದರೆ ಗೊಬ್ಬರ ಹಾಕುವ ಕೈಯಲ್ಲಿ. ಹಾಕಿದ ಡಿಎಪಿಯಲ್ಲಿ ಆ ಹಂಗಾಮಿನ ಬೆಳೆಗೆ ಸಿಗುವ ರಂಜಕ ಸಾಮಾನ್ಯವಾಗಿ ಕಾಲು ಭಾಗಕ್ಕಿಂತಲೂ ಕಡಿಮೆ. ಉಳಿದದ್ದನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣದ ಅಂಶವಿರುವ ಕಪ್ಪು ಎರೆ ಮಣ್ಣು ಇದನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬೆಳೆ ಸಪ್ಪೆಯಾಗಿ ಕಂಡಿತೆಂದು ರೈತ ಮತ್ತೊಂದು ಚೀಲ ಸುರಿಯುತ್ತಾನೆ. ಹೀಗೆ ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ರಂಜಕದ ಗಂಟು ಬೆಳೆಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದರೆ ಮಾತ್ರ ಅದು ತಿಳಿಯುತ್ತದೆ. ದೇಶದಲ್ಲಿ ಮಣ್ಣಿನ ಆರೋಗ್ಯ ಚೀಟಿಯ ಯೋಜನೆ 2015ರಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ, 2009ರಲ್ಲಿ, ಭೂಚೇತನ ಯೋಜನೆಯಡಿ ಹಳ್ಳಿಹಳ್ಳಿಯ ಮಣ್ಣು ಪರೀಕ್ಷಿಸಿದಾಗ ಅನೇಕ ಹೊಲಗಳಲ್ಲಿ ಕೊರತೆ ಕಂಡದ್ದು ಗಂಧಕ, ಸತು ಮತ್ತು ಬೋರಾನ್‌ನದ್ದು. ಬೇಕಾದದ್ದು ಸತು, ಹಾಕುವುದು ಡಿಎಪಿ ಎಂದಾದರೆ ದುಡ್ಡೂ ಹೋಯಿತು, ಕೆರೆಯೂ ಹೋಯಿತು. ಚೀಟಿಯಲ್ಲಿ ರಂಜಕ 'ಅಧಿಕ' ಎಂದು ಬಂದರೆ ಡಿಎಪಿಯನ್ನು ಎಷ್ಟು ತಗ್ಗಿಸಬಹುದು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ಮಣ್ಣಿನಲ್ಲಿ ಬಿಗಿದ ರಂಜಕವನ್ನು ಕರಗಿಸಿ ಬೇರಿಗೆ ಕೊಡುವ ಬ್ಯಾಕ್ಟೀರಿಯಾದ ಜೈವಿಕ ಗೊಬ್ಬರವೂ ಇದೆ.

ಹಾಕುವ ರೀತಿಯೂ ಮುಖ್ಯ. ಮೇಲೆ ಎರಚಿದ ಗೊಬ್ಬರ ಮರುದಿನದ ಮಳೆಗೆ ಹಳ್ಳ ಸೇರುತ್ತದೆ. ಕೂರಿಗೆಯಲ್ಲಿ ಬೀಜದ ಜೊತೆ ನೆಲದೊಳಗೆ ಇಳಿದದ್ದು ಅಲ್ಲೇ ಉಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಕೈ ಎಷ್ಟೋ ಕಡೆ ಹೆಣ್ಣಿನದೇ. ಆದ್ದರಿಂದ 'ಗೊಬ್ಬರದ ವಿಷಯ ಗಂಡಸರದ್ದು' ಎಂದು ಸುಮ್ಮನಿರುವ ಹಾಗಿಲ್ಲ.

ಎರಡನೆಯ ತಡೆ ಹೊಲದ ಅಂಚಿನ ಬದು. ರಂಜಕದ ಹೆಚ್ಚಿನ ಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡು ಪ್ರಯಾಣ ಮಾಡುತ್ತದೆ. ಮಣ್ಣು ನಿಂತರೆ ಅದೂ ನಿಲ್ಲುತ್ತದೆ. ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಿಂದಲೂ ಈ ಎರೆ ಭೂಮಿಯಲ್ಲಿ ನೀರು-ಮಣ್ಣು ತಡೆಯುವ ಬಗ್ಗೆ ಕೆಲಸ ನಡೆದಿದೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಒಡ್ಡು ಹಾಕುವುದು, ಒಡ್ಡಿನ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಬೆಳೆಸುವುದು. ನಾಲ್ಕಾರು ಅಡಿ ಅಗಲದ ಹುಲ್ಲಿನ ಪಟ್ಟಿ ಕೂಡ ಓಡುವ ನೀರಿನ ಕಾಲು ಹಿಡಿದು ನಿಲ್ಲಿಸುತ್ತದೆ. ಕೆಸರು ಅಲ್ಲೇ ಕೂರುತ್ತದೆ. ಆ ಹುಲ್ಲನ್ನು ಕೊಯ್ದು ಎಮ್ಮೆಗೆ ಹಾಕಿದರೆ ಹಾಲೂ ಬಂತು, ರಂಜಕ ಸಗಣಿಯಾಗಿ ಹೊಲಕ್ಕೂ ಬಂತು.

ಮೂರನೆಯ ತಡೆ ಹೂಳಿನ ಗುಂಡಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣ ಜಿಲ್ಲೆಗಳಲ್ಲಿ ಕೃಷಿ ಹೊಂಡಗಳು ಬಹಳ ಆದವು. ನೀರು ಹೊಂಡಕ್ಕೆ ಬೀಳುವ ಮೊದಲು ಒಂದು ಸಣ್ಣ ಗುಂಡಿಯಲ್ಲಿ ನಿಂತು, ಕೆಸರು ಇಳಿಸಿ, ತುಂಬಿದ ಮೇಲೆ ಮೇಲಿನ ತಿಳಿನೀರು ಮಾತ್ರ ಮುಂದೆ ಹೋಗಬೇಕು. ಈ ಗುಂಡಿ ಎಷ್ಟೋ ಕಡೆ ಇರುವುದೇ ಇಲ್ಲ. ಇದ್ದರೂ ಮೊದಲ ವರ್ಷವೇ ತುಂಬಿ ಹೋಗಿ ಮತ್ತೆ ಯಾರೂ ತೆಗೆದಿರುವುದಿಲ್ಲ.

ಕರಗಿದ ರಂಜಕಕ್ಕೆ ಬೇರೆ ಜರಡಿ

ಮೇಲಿನ ಮೂರೂ ತಡೆಗಳಿಗೆ ಸಿಗದ ಒಂದು ಪಾಲು ಇದೆ. ಅದು ನೀರಿನಲ್ಲಿ ಸಕ್ಕರೆಯಂತೆ ಕರಗಿದ ರಂಜಕ. ಹುಲ್ಲಿನ ನಡುವಿನಿಂದ ಅದು ನುಸುಳಿ ಹೋಗುತ್ತದೆ. ಪಾಚಿಗೆ ಅತ್ಯಂತ ಪ್ರಿಯವಾದದ್ದೂ ಅದೇ. ಅದನ್ನು ಹಿಡಿಯಲು ರಂಜಕದೊಡನೆ ಗಟ್ಟಿಯಾಗಿ ಬೆಸೆಯುವ ವಸ್ತು ಬೇಕು. ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣ, ಈ ಮೂರಕ್ಕೂ ಆ ಗುಣವಿದೆ.

ಕೆಲವು ದೇಶಗಳಲ್ಲಿ ಹೊಲದ ಬಸಿಗಾಲುವೆ ಮುಗಿಯುವ ಕಡೆ ಒಂದು ದೊಡ್ಡ ತೊಟ್ಟಿಯಂತಹ ಗುಂಡಿ ಮಾಡಿ ಅದರಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ತುಂಬುತ್ತಾರೆ. ಅದಿರು ಕರಗಿಸಿ ಲೋಹ ತೆಗೆದ ಮೇಲೆ ಉಳಿಯುವ ಈ ಕಿಟ್ಟದಲ್ಲಿ ಸುಣ್ಣವೂ ಇದೆ, ಕಬ್ಬಿಣವೂ ಇದೆ. ನೀರು ಅದರೊಳಗಿನಿಂದ ಹಾದು ಹೋಗುವಾಗ ಕರಗಿದ ರಂಜಕ ಕಿಟ್ಟಕ್ಕೆ ಅಂಟಿ ಉಳಿಯುತ್ತದೆ. ಕುಡಿಯುವ ನೀರಿನ ಘಟಕಗಳಲ್ಲಿ ಫಿಟ್ಕರಿ ಹಾಕಿದ ಮೇಲೆ ತಳದಲ್ಲಿ ಕೂರುವ ಕೆಸರನ್ನೂ ಇದೇ ಕೆಲಸಕ್ಕೆ ಬಳಸಿ ನೋಡಿದ್ದಾರೆ. ಅದರಲ್ಲಿ ಅಲ್ಯೂಮಿನಿಯಂ ಇರುತ್ತದಲ್ಲ! ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದೆ, ಬಾಗಲಕೋಟೆಯ ನೆಲದಲ್ಲಿ ಸುಣ್ಣದ ಕಲ್ಲು ಇದೆ. ಬೇಕಾದ ಸಾಮಗ್ರಿ ದೂರದ್ದೇನಲ್ಲ.

ಆದರೆ ಇದು ಮನೆಮದ್ದಲ್ಲ. ಕಿಟ್ಟದಿಂದ ಹೊರಬರುವ ನೀರು ಸುಣ್ಣದ ನೀರಿನಂತೆ ಖಾರವಾಗಬಹುದು. ಕೆಲವು ಕಿಟ್ಟಗಳಲ್ಲಿ ಹಾನಿಕರ ಲೋಹಗಳೂ ಇರಬಹುದು. ಪರೀಕ್ಷೆ ಮಾಡದೆ ಯಾರೂ ಹೊಂಡದ ಬಾಯಿಗೆ ಕಿಟ್ಟ ಸುರಿಯಬಾರದು. ಜೊತೆಗೆ ಇದರ ಹೊಟ್ಟೆ ತುಂಬುತ್ತದೆ. ಹಿಡಿಯುವಷ್ಟು ಹಿಡಿದ ಮೇಲೆ ಹೊಸ ಕಿಟ್ಟ ಹಾಕಬೇಕು. ಆದ್ದರಿಂದ ಇದು ಒಬ್ಬ ರೈತ ಮಾಡುವ ಕೆಲಸವಲ್ಲ. ಕೆರೆಗೆ ಬೀಳುವ ಹಳ್ಳದ ಬಾಯಲ್ಲಿ ಪಂಚಾಯತು, ಕೃಷಿ ವಿಶ್ವವಿದ್ಯಾನಿಲಯದ ತಜ್ಞರು ಸೇರಿ ಮಾಡಬೇಕಾದದ್ದು. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾನಿಲಯವಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ಗ್ರಾಮಸಭೆಯಲ್ಲಿ ಕೇಳಿದರೆ ತಪ್ಪೇನು?

ಮನೆಯೊಳಗಿನ ಪಾಲು

ಹೊಲದ ಮಾತು ಹೇಳಿ ಮನೆಯನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವುದು ನಮ್ಮಲ್ಲಿ ಹಳೆಯ ರೂಢಿ. ಬಾದಾಮಿಯ ಅಗಸ್ತ್ಯ ತೀರ್ಥದ ಫೋಟೋ ತೆಗೆದವರೆಲ್ಲ ಮೆಟ್ಟಿಲ ಮೇಲೆ ಬಟ್ಟೆ ಸೆಳೆಯುವ ಹೆಂಗಸರ ಫೋಟೋವನ್ನೂ ತೆಗೆದಿರುತ್ತಾರೆ. ಸೀಗೆ, ಅಂಟುವಾಳ, ಸೌಳು ಮಣ್ಣಿನ ಕಾಲದಲ್ಲಿ ಅದು ನಡೆಯುತ್ತಿತ್ತು. ಡಿಟರ್ಜೆಂಟಿನ ಕಾಲದಲ್ಲಿ ನಡೆಯದು. ನೀರು ತಂದು ದೂರದಲ್ಲಿ ಒಗೆಯಿರಿ. ಒಗೆದ ನೀರನ್ನು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಬಿಡಿ. ನೀರಿಗೆ ವಿಷವಾದದ್ದು ಗಿಡಕ್ಕೆ ಗೊಬ್ಬರ.

ತಿಪ್ಪೆ ಎಲ್ಲಿದೆ ನೋಡಿ. ಹಳ್ಳದ ದಂಡೆಯಲ್ಲಿ ಇದ್ದರೆ ಮೊದಲ ದೊಡ್ಡ ಮಳೆಗೆ ಅದರ ಸಾರವೆಲ್ಲ ಹೋಯಿತು. ಎತ್ತರದ ಜಾಗಕ್ಕೆ ಬದಲಿಸಿ, ಸುತ್ತ ಸಣ್ಣ ಕಟ್ಟೆ ಹಾಕಿ. ಬಕ್ರೀದ್ ಸಮಯದಲ್ಲಿ ರಕ್ತ, ಕರುಳಿನ ತ್ಯಾಜ್ಯ, ಎಲುಬುಗಳನ್ನು ಹಳ್ಳಕ್ಕೆ ಹಾಕುವವರಿದ್ದಾರೆ. ಎಲುಬೆಂದರೆ ರಂಜಕದ ಗಣಿ. ಹೊಲದ ಮೂಲೆಯಲ್ಲಿ, ಬಾವಿಯಿಂದ ದೂರ, ಆಳವಾದ ಗುಂಡಿ ತೋಡಿ ಹೂಳಿ.

ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ ಮುಹಮ್ಮದ್(ಸ)ರು ತಡೆದಿರುವುದನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಶುಚಿತ್ವದ ದೃಷ್ಟಿಯಿಂದ ಅದು ನಮಗೆ ತಿಳಿದಿತ್ತು. ರಂಜಕದ ದೃಷ್ಟಿಯಿಂದಲೂ ಆ ಮಾತನ್ನು ನೋಡಿ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೆನ್ನಿಗ್ ಬ್ರಾಂಡ್ ಎಂಬಾತ ಬಂಗಾರ ಮಾಡುವ ಹುಚ್ಚಿನಲ್ಲಿ ಮೂತ್ರವನ್ನು ಕುದಿಸಿ ಕುದಿಸಿ ಕೊನೆಗೆ ಕಂಡುಕೊಂಡದ್ದು ಬಂಗಾರವನ್ನಲ್ಲ, ಕತ್ತಲಲ್ಲಿ ಹೊಳೆಯುವ ರಂಜಕವನ್ನು. ನಾವು ಉಂಡ ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಹೋಗುವುದು ಮೂತ್ರದಲ್ಲೇ. ವುಝೂ ಮಾಡುವ ನೀರಿನ ಬಣ್ಣ, ರುಚಿ, ವಾಸನೆಯನ್ನು ಗಮನಿಸಲು ಕಲಿತ ನಾವು, ಅದನ್ನು ಕೆಡಿಸುವ ದಾರಿಯನ್ನೂ ಗಮನಿಸಬೇಡವೇ?

ಕೆರೆಯಿಂದ ಹೊಲಕ್ಕೆ ವಾಪಸ್

ತಡೆದದ್ದನ್ನು ವಾಪಸ್ ಒಯ್ಯಬೇಕು ಎಂದೆನಲ್ಲ, ಅದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಬಂಡಿ ಕಟ್ಟಿಕೊಂಡು ಹೋಗಿ ಗೋಡುಮಣ್ಣು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಅವರಿಗೆ ರಂಜಕದ ಹೆಸರು ಗೊತ್ತಿರಲಿಲ್ಲ. ಕೆರೆಯ ಮಣ್ಣು ಬಿದ್ದ ಹೊಲದಲ್ಲಿ ಜೋಳದ ತೆನೆ ದೊಡ್ಡದು ಎಂಬುದು ಗೊತ್ತಿತ್ತು. ಮಳೆ ಹೊಲದಿಂದ ಒಯ್ದದ್ದನ್ನು ಬಂಡಿ ಹೊಲಕ್ಕೆ ತರುತ್ತಿತ್ತು. ಕೆರೆಯೂ ಆಳವಾಗುತ್ತಿತ್ತು, ತಳದ ರಂಜಕದ ಗಂಟೂ ಕರಗುತ್ತಿತ್ತು. ಚೀಲದ ಗೊಬ್ಬರ ಬಂದ ಮೇಲೆ ಬಂಡಿಗಳು ನಿಂತವು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಸಮುದಾಯ ಕೆರೆ ಯೋಜನೆ ಆರಂಭವಾದಾಗ ಹೂಳೆತ್ತುವ ಕೆಲಸಕ್ಕೆ ಮತ್ತೆ ಜೀವ ಬಂತು. ಆದರೆ ಹೂಳೆತ್ತುವುದನ್ನು ಸರಕಾರದ ಕೆಲಸವೆಂದು ಬಿಟ್ಟುಬಿಟ್ಟರೆ ಅದು ಮತ್ತೆ ನಿಲ್ಲುತ್ತದೆ. ಒಂದು ಎಚ್ಚರಿಕೆ: ಪಟ್ಟಣದ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ದುಡ್ಡಿನ ಲೆಕ್ಕದಲ್ಲೂ ಇದು ಸಣ್ಣ ಮಾತಲ್ಲ. ಡಿಎಪಿ ಚೀಲದ ಬೆಲೆ ಸಾವಿರದ ಮುನ್ನೂರು ರೂಪಾಯಿ ದಾಟಿದೆ. ಸರಕಾರ ಅದರ ಮೇಲೆ ಸಬ್ಸಿಡಿಯನ್ನೂ ಕೊಡುತ್ತದೆ. ರಂಜಕದ ಕಲ್ಲು ನಮ್ಮ ದೇಶದಲ್ಲಿ ಸಿಗುವುದು ಬಹಳ ಕಡಿಮೆ. ಜಗತ್ತಿನಲ್ಲಿ ಉಳಿದಿರುವ ಆ ಕಲ್ಲಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಇರುವುದು ಮೊರಾಕ್ಕೋ ಮತ್ತು ಪಶ್ಚಿಮ ಸಹಾರಾದಲ್ಲಿ. ಅಷ್ಟು ದೂರದಿಂದ ಹಡಗಿನಲ್ಲಿ ಬಂದು, ಸಾಲದಲ್ಲಿ ಕೊಂಡು, ಹೊಲಕ್ಕೆ ಹಾಕಿದ್ದು ಮಳೆಗೆ ತೊಳೆದು ಹೋಗಿ ನಮ್ಮದೇ ಆಡಿನ ಕುಡಿಯುವ ನೀರನ್ನು ಕೆಡಿಸಿದರೆ, ಅದಕ್ಕಿಂತ ದೊಡ್ಡ ದುಂದುವೆಚ್ಚ ಯಾವುದು? ಬಾದಾಮಿ ತಾಲ್ಲೂಕಿನ ಅನೇಕ ಹಳ್ಳಗಳು ಮಲಪ್ರಭೆಯನ್ನು ಸೇರುತ್ತವೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಿಮ್ಮ ಹೊಲದಿಂದ ಜಾರಿದ್ದು ನಿಮ್ಮ ಊರಿನಲ್ಲೇ ನಿಲ್ಲುವುದಿಲ್ಲ, ಕೆಳಗಿನ ಊರಿನವರ ಕೊಡಕ್ಕೂ ಹೋಗುತ್ತದೆ.

ಖಾಲಾಗೆ ಇದನ್ನೆಲ್ಲ ಒಂದೇ ದಿನ ಹೇಳಲಿಲ್ಲ. ಅಂದು ಹೇಳಿದ್ದು ಎರಡೇ ಮಾತು. ಒಲೆಯ ಮೇಲಿನ ನೀರು ಚೆಲ್ಲೋಣ, ಆಡುಗಳನ್ನು ಬೋರಿನ ತೊಟ್ಟಿಗೆ ಬಿಡೋಣ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ನೀರಿನ ಬರದ ಊರಿನಲ್ಲಿ ತುಂಬಿದ ಕೊಡ ಚೆಲ್ಲುವುದು ಸುಲಭವಲ್ಲ. ನಂತರ ಅವರ ಮಗ ಮಣ್ಣು ಪರೀಕ್ಷೆಗೆ ಕೊಟ್ಟ. ರಂಜಕ 'ಅಧಿಕ' ಎಂದೇ ಬಂತು. ಮುಂದಿನ ಬಿತ್ತನೆಯಲ್ಲಿ ಡಿಎಪಿ ಅರ್ಧ ಮಾಡಿದರು. ಬೇಸಿಗೆಯಲ್ಲಿ ಹೊಂಡದ ಹೂಳು ತೆಗೆದು ಉಳ್ಳಾಗಡ್ಡಿಯ ಮಡಿಗೆ ಹಾಕಿದರು. ಹೊಂಡದ ಬಾಯಿಗೆ ಒಂದು ಗುಂಡಿ ತೋಡಿ ಅದರ ಮೇಲ್ಭಾಗದಲ್ಲಿ ಮೇವಿನ ಹುಲ್ಲು ಹಚ್ಚಿದರು.

ಮುಂದಿನ ವರ್ಷ ಹೋದಾಗ ಹೊಂಡದ ನೀರು ಕನ್ನಡಿಯಂತೆ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಮೂಲೆಯಲ್ಲಿ ತುಸು ಹಸಿರು ಇನ್ನೂ ಇತ್ತು. ಆದರೆ ಕೆನೆಗಟ್ಟಿರಲಿಲ್ಲ, ವಾಸನೆಯೂ ಇರಲಿಲ್ಲ. ಖಾಲಾ ಹುಲ್ಲಿನ ಹೊರೆಯನ್ನು ಎಮ್ಮೆಯ ಮುಂದೆ ಹಾಕುತ್ತಾ ಹೇಳಿದರು: "ಅರ್ಧಾ ಚೀಲದ ರೊಕ್ಕಾ ಉಳೀತು ಬೇಟಿ, ಬೆಳಿ ಏನ್ ಕಡಿಮಿ ಬರಲಿಲ್ಲ ನೋಡು."

ನಿಮ್ಮ ಮನೆಯ ಹತ್ತಿರದ ಕೆರೆಯನ್ನೋ ಹೊಂಡವನ್ನೋ ನಾಳೆ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ನೀರಿನ ಬಣ್ಣ ಹೇಗಿದೆ? ಅದಕ್ಕೆ ಬೀಳುವ ಹಳ್ಳ ಯಾವ ಹೊಲದಿಂದ, ಯಾವ ತಿಪ್ಪೆಯ ಪಕ್ಕದಿಂದ, ಯಾರ ಬಚ್ಚಲಿನಿಂದ ಬರುತ್ತಿದೆ? ಆ ದಾರಿಯಲ್ಲಿ ಹಿಂದಕ್ಕೆ ನಡೆದು ಹೋದರೆ ಎಲ್ಲಿ ಒಂದು ಬದು ಬೇಕು, ಎಲ್ಲಿ ಒಂದು ಗುಂಡಿ ಬೇಕು ಎಂಬುದು ನಿಮಗೇ ಕಾಣುತ್ತದೆ. ಕೆರೆ ಕೆಟ್ಟ ಮೇಲೆ ಅದನ್ನು ತೊಳೆಯುವುದಕ್ಕಿಂತ ಹೊಲದ ಅಂಚಿನಲ್ಲಿ ಒ೦ದು ಸಾಲು ಹುಲ್ಲು ನೆಡುವುದು ಸುಲಭ.